ಎಂಟರ ಹೊಟ್ಟೆಯೊಳಗಿನ ಸೂರ್ಯ

ಹೋದ ತಿಂಗಳು ನಮ್ಮ ಮಸ್ಕಿ ಮನೆಯ ಗೇಟಿನ ಕೀಲು ಮುರಿಯಿತು. ವೆಲ್ಡಿಂಗ್ ಮಾಡುವವನು ಬಂದು ಅಂಗಳದಲ್ಲಿ ಕೂತ. ಚಹಾ ಕುಡಿಯುವಾಗ, ಮುಖಕ್ಕೆ ಅಡ್ಡ ಹಿಡಿಯುವ ಕರಿ ಗಾಜನ್ನು ತುಳಸಿಕಟ್ಟೆಯ ಮೇಲೆ ಇಟ್ಟ. ಬೇರೆ ದಿನವಾಗಿದ್ದರೆ ಗದರಿಬಿಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಅವತ್ತು ಮಾತ್ರ ಗದರದೆ ಆ ಗಾಜನ್ನು ಕೈಗೆತ್ತಿಕೊಂಡೆ. ಇಂಥದೇ ಒಂದು ಗಾಜನ್ನು ಎರಡು ವರ್ಷ, ಶುಕ್ರವಾರ ಬಂತೆಂದರೆ ಸೆರಗಿನಿಂದ ಒರೆಸಿ ಆಪಾರ ಕೈಗೆ ಕೊಡುತ್ತಿದ್ದೆ…

ಆಪಾ, ಅಂದರೆ ಅಕ್ಕ, ಆಗ ನಮ್ಮ ಪಕ್ಕದ ಮನೆಯವರು. ಎಂಬತ್ತರ ದಶಕದ ಕೊನೆಯ ಮಾತು ಇದು. ಮದುವೆಯಾಗಿ ಲಿಂಗಸೂಗೂರಿನಿಂದ ಸಿಂಧನೂರಿಗೆ ಬಂದಿದ್ದೆ. ನನ್ನ ಯಜಮಾನರಿಗೆ ಕಾಲುವೆಯ ಕೆಲಸ. ಬೆಳಗ್ಗೆ ಜವಳಗೇರಾ, ಗೊರೇಬಾಳ ಎಂದು ಹೊರಟರೆ ಮನೆಗೆ ಬರುವಾಗ ದೀಪ ಹಚ್ಚಿಯಾಗಿರುತ್ತಿತ್ತು. ದಿನವಿಡೀ ನನಗೆ ಜೊತೆಯೆಂದರೆ ತವರಿನವರು ಕೊಟ್ಟ ರೇಡಿಯೋ ಒಂದೇ. ನಮ್ಮ ಬಾಡಿಗೆ ಮನೆಯ ಮಾಳಿಗೆಯೂ ಪಕ್ಕದ ಮನೆಯ ಮಾಳಿಗೆಯೂ ಒಂದಕ್ಕೊಂದು ತಾಗಿಕೊಂಡಿದ್ದವು, ನಡುವೆ ಮೊಣಕಾಲೆತ್ತರದ ಗೋಡೆ ಅಷ್ಟೇ. ಒಂದು ದಿನ ಮೆಣಸಿನಕಾಯಿ ಒಣಗಲು ಹಾಕುತ್ತಿದ್ದೆ. ಆ ಗೋಡೆ ದಾಟಿ ಬಂದ ಎತ್ತರದ ಹೆಂಗಸೊಬ್ಬರು, ಹೆಸರನ್ನೂ ಕೇಳದೆ, “ಹೊಸಾಕಿ ನೀನೇನು? ಮದಿವಿ ಫೋಟೋ ಇದ್ರ ತೋರಸು” ಅಂದರು.

ಆಲ್ಬಮ್ ತಂದುಕೊಟ್ಟೆ. ಮೊದಲ ಹಾಳೆಯಲ್ಲೇ ಮುಖ ಕಿವುಚಿದರು. “ಯಾರು ತೆಗದಾರ ಇದನ್ನ? ನತ್ತಿನ ನೆಳ್ಳು ಗದ್ದದ ಮ್ಯಾಲ ಬಿದ್ದೈತಿ ನೋಡು. ಮದುಮಗಳಿಗೆ ಗಡ್ಡ ಬಂದಂಗ ಕಾಣ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಅವರು ಹೋದಮೇಲೆ ಆಲ್ಬಮ್ ತೆಗೆದು ನೋಡಿದರೆ ಗಡ್ಡ ನಿಜಕ್ಕೂ ಇತ್ತು. ಅಷ್ಟು ದಿನ ನನಗೂ ಕಂಡಿರಲಿಲ್ಲ, ಬಂದವರು ಹೋದವರಿಗೂ ಕಂಡಿರಲಿಲ್ಲ. ಆಮೇಲೆ ಆ ಗಡ್ಡ ಬಿಟ್ಟು ನನಗೆ ಬೇರೇನೂ ಕಾಣದಂತಾಯಿತು. ಆಪಾರ ಸಹವಾಸ ಅಲ್ಲಿಂದ ಶುರುವಾಯಿತು.

ಆಪಾರ ತವರು ಮುದಗಲ್. ಸಿಂಧನೂರಿನ ಬಜಾರಿನಲ್ಲಿ ಗಂಡನ ಫೋಟೋ ಸ್ಟುಡಿಯೋ ಇತ್ತು. ಪರದೆಯ ಮನೆಗಳ ಹೆಣ್ಣುಮಕ್ಕಳು ಗಂಡಸರ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುವಂತಿರಲಿಲ್ಲವಾದ್ದರಿಂದ ಅವರೇ ಹೆಂಡತಿಗೆ ಕ್ಯಾಮೆರಾ ಕಲಿಸಿದ್ದರು. ಕಲಿತಮೇಲೆ ಆಪಾರನ್ನು ಹಿಡಿಯುವವರೇ ಇರಲಿಲ್ಲ. ನಿಕಾಹ್ ಮನೆಗಳಿಗಷ್ಟೇ ಅಲ್ಲ, ನಮ್ಮವರ ಮನೆಗಳ ಕುಬಸಕ್ಕೂ ಅವರನ್ನೇ ಕರೆಯುತ್ತಿದ್ದರು. ಬಸುರಿ ಹೆಂಗಸು ಹಸಿರು ಸೀರೆ ಉಟ್ಟು, ದಂಡೆ ಕಟ್ಟಿಕೊಂಡು ನಾಚಿ ತಲೆ ತಗ್ಗಿಸಿದರೆ ಆಪಾ ಆಕೆಯ ಅತ್ತೆಯ ಮೇಲೆ ಏನೋ ಒಂದು ಚಟಾಕಿ ಹಾರಿಸುತ್ತಿದ್ದರು. ತಲೆ ತಾನಾಗಿ ಮೇಲೇಳುತ್ತಿತ್ತು. ಕೂಡಲೇ, “ಉಸರ ಹಿಡಿ…” ಎಂದು ಗುಂಡಿ ಒತ್ತಿ, “ಹೂಂ, ಬಿಡು” ಅನ್ನುತ್ತಿದ್ದರು. ಊರಿನ ಅರ್ಧದಷ್ಟು ಹೆಂಗಸರು ಅವರ ಮಾತಿಗೆ ಉಸಿರು ಹಿಡಿದು ಬಿಟ್ಟವರೇ.

ಇಷ್ಟಾದರೂ ಅವರ ಮನೆಯ ಗೋಡೆಯ ಮೇಲೆ ಒಂದೇ ಒಂದು ಫೋಟೋ ಇರಲಿಲ್ಲ. ಸುಣ್ಣ ಹಚ್ಚಿದ ಬೋಳು ಗೋಡೆ, ಅದರ ಮೇಲೆ ಒಂದು ಗಡಿಯಾರ. ನನಗೆ ಸೋಜಿಗವಾಗಿ ಕೇಳಿದೆ. ಆಪಾರ ಮಾವ ಮನೆಯ ಬೆನ್ನಿಗಿದ್ದ ಮಸೀದಿಯಲ್ಲಿ ನಮಾಜಿಗೆ ಕರೆಯುವ ಬಾಂಗ್ ಕೊಡುತ್ತಿದ್ದವರು. ನಮಾಜು ಮಾಡುವ ಮನೆಯಲ್ಲಿ ಜೀವವಿರುವುದರ ಚಿತ್ರ ತೂಗುಹಾಕಬಾರದೆಂಬುದು ಅವರ ನಂಬಿಕೆ. ಅದಕ್ಕಾಗಿ ಸೊಸೆಯೊಡನೆ ಎಂದೂ ಜಗಳ ತೆಗೆದವರಲ್ಲ. ಅಂಗಡಿಯಲ್ಲಿ ಬೇಕಾದಷ್ಟು ಹಾಕಿಕೊಳ್ಳಿ, ಮನೆಯಲ್ಲಿ ಬೇಡ ಅಂದಿದ್ದರು. ಆಪಾ ಅದನ್ನು ಮೀರಿದವರೂ ಅಲ್ಲ. ಆದರೆ ಒಳಗೊಳಗೆ ಅದು ಕೊರೆಯುತ್ತಿತ್ತು.

“ಊರ ಮಂದಿ ಮಾರಿ ಎಲ್ಲಾ ತೆಗದೀನಿ ತಂಗಿ. ಎಲ್ಲಾ ಅವರವರ ಮನಿ ಗ್ವಾಡಿಗೆ ಹೋಗ್ಯಾವ. ನನ್ನ ಗ್ವಾಡಿಗೆ ನಂದಂತ ಒಂದು ಬೇಕು” ಅನ್ನುತ್ತಿದ್ದರು.

ಆ ಒಂದು ಯಾವುದೆಂದು ಹೊಳೆದದ್ದು ಹೈದರಾಬಾದಿನಲ್ಲಿ. ರೀಲು, ಕಾಗದ ತರಲು ಗಂಡನ ಜೊತೆ ಹೋಗಿದ್ದಾಗ ಅಂಗಡಿಯವನು ಯಾವುದೋ ಪರದೇಶದ ಪತ್ರಿಕೆಯ ಹಾಳೆಯೊಂದನ್ನು ತೋರಿಸಿದನಂತೆ. ಒಂದೇ ಫೋಟೋದಲ್ಲಿ ಹತ್ತಾರು ಸೂರ್ಯ. ಕ್ಯಾಮೆರಾ ಅಲುಗಿಸದೆ, ರೀಲು ಸುತ್ತದೆ, ವರ್ಷಪೂರ್ತಿ ಗಡಿಯಾರದಲ್ಲಿ ಅದೇ ಗಂಟೆ ಅದೇ ನಿಮಿಷಕ್ಕೆ ತೆಗೆದದ್ದು. ಸೂರ್ಯಗಳೆಲ್ಲ ಸೇರಿ ಆಕಾಶದಲ್ಲಿ ಎಂಟರ ಅಂಕಿಯಾಗಿದ್ದವಂತೆ. ಬಸ್ಸಿಳಿದವರೇ ಆಪಾ ಮಾಳಿಗೆ ಹತ್ತಿ ಬಂದು ನನ್ನನ್ನು ಕೂಗಿದರು. “ಸೂರ್ಯಗ ಜೀವ ಇಲ್ಲ. ಅಬ್ಬಾ ಏನಂತಾರ ನೋಡೂಣು” ಎಂದು ನಕ್ಕರು. ಅಬ್ಬಾ ಅಂದರೆ ಮಾವ.

ಮಾವ, “ಚಂದಾಗಿ ತೆಗಿ ಬೇಟಿ, ಗ್ವಾಡಿಗೆ ನಾನ ಮೊಳಿ ಹೊಡೀತೀನಿ” ಅಂದುಬಿಟ್ಟರು. ಗೊಣಗಿದವರು ಗಂಡ. ಸ್ಟುಡಿಯೋದ ಹಳೆಯ ಮಡಚುವ ಕ್ಯಾಮೆರಾ ಒಂದು ವರ್ಷ ಮಾಳಿಗೆಯ ಪಾಲಾಗುತ್ತದಲ್ಲ ಎಂದು. ಆಪಾ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಮಾಳಿಗೆಯ ಗೋಡೆಗೆ ಗಚ್ಚು ಹಾಕಿ ಒಂದು ಮರದ ಪೆಟ್ಟಿಗೆಯನ್ನು ಕೂಡಿಸಿ, ಅದರೊಳಗೆ ಕ್ಯಾಮೆರಾವನ್ನು ದಕ್ಷಿಣಕ್ಕೆ ಮುಖಮಾಡಿ ಬಿಗಿದರು. ನಮ್ಮ ಕಡೆ ಚಳಿಗಾಲಕ್ಕೆ ಮಸೀದಿಯ ಮಿನಾರಿನ ನೆತ್ತಿಯ ಮೇಲಷ್ಟೇ ಇರುವ ಮಧ್ಯಾಹ್ನದ ಸೂರ್ಯ ಬೇಸಿಗೆಗೆ ನಡುನೆತ್ತಿ ದಾಟಿಬಿಡುತ್ತಾನೆ. ಅಷ್ಟೆಲ್ಲ ಒಂದೇ ಫೋಟೋದಲ್ಲಿ ಹಿಡಿಸಲು ಕ್ಯಾಮೆರಾವನ್ನು ಓರೆಯಾಗಿ, ಮೂಲೆಯಿಂದ ಮೂಲೆಗೆ ಬರುವಂತೆ ಕೂಡಿಸಬೇಕಾಯಿತು. ಲೆನ್ಸಿನ ಮುಂದೆ ಹಿಡಿಯಲು ಲಾರಿ ಗ್ಯಾರೇಜಿನ ವೆಲ್ಡಿಂಗಿನವನ ಹತ್ತಿರ ಕರಿ ಗಾಜು ತಂದರು. ಮಳೆಗೆ ತಗಡಿನ ಮುಚ್ಚಳ, ಬಿಸಿಲಿಗೆ ಒದ್ದೆ ಗೋಣಿಚೀಲ.

ಶುಕ್ರವಾರ ಮಧ್ಯಾಹ್ನವೇ ಯಾಕೆಂದರೆ ಅವತ್ತು ಜುಮ್ಮಾ ನಮಾಜಿಗೆ ಸ್ಟುಡಿಯೋ ಮುಚ್ಚಿರುತ್ತಿತ್ತು. ಗಂಡಸರು ಮಸೀದಿಗೆ ಹೊರಡುವ ಗಡಿಬಿಡಿಯಲ್ಲಿ ಮಾಳಿಗೆ ನಮ್ಮಿಬ್ಬರದೇ. ಕೆಳಗೆ ಅವರ ಮನೆಯ ಗಡಿಯಾರ ಢಣ್ ಢಣ್ ಎಂದು ಹನ್ನೆರಡು ಬಾರಿಸಿದ ಕೂಡಲೇ ನಾನು ಗಾಜು ಕೊಡುತ್ತಿದ್ದೆ, ಆಪಾ ಮುಚ್ಚಳ ತೆಗೆದು, ಆಕಾಶಕ್ಕೆ, “ಉಸರ ಹಿಡಿ…” ಎಂದು ಗುಂಡಿ ಒತ್ತಿ, “ಹೂಂ, ಬಿಡು” ಅನ್ನುತ್ತಿದ್ದರು. ಕುಬಸದ ಹೆಣ್ಣುಮಕ್ಕಳಿಗೂ ಸೂರ್ಯನಿಗೂ ಅವರಲ್ಲಿ ಭೇದವಿರಲಿಲ್ಲ.

ಆ ಗಡಿಯಾರದ ವಿಷಯ ಸ್ವಲ್ಪ ಹೇಳಬೇಕು. ಮಸೀದಿಯ ಅಂಗಳದಲ್ಲಿ ಒಂದು ಧೂಪ್ ಘಡಿ, ಅಂದರೆ ಬಿಸಿಲ ಗಡಿಯಾರ ಇತ್ತು. ಕಲ್ಲಿನ ಮೇಲೆ ನಿಲ್ಲಿಸಿದ ಕಬ್ಬಿಣದ ಕಡ್ಡಿ, ಅದರ ನೆರಳು ಕೊರೆದ ಗೆರೆಯ ಮೇಲೆ ಬಂದರೆ ಸೂರ್ಯ ನಡುಮಧ್ಯಾಹ್ನಕ್ಕೆ ಬಂದನೆಂದು ಅರ್ಥ. ಅಜ್ಜ, ನಾನು ಆಪಾರ ಮಾವನನ್ನು ಹಾಗೇ ಕರೆಯುತ್ತಿದ್ದೆ, ತಮ್ಮ ಜೇಬಿನ ಗಡಿಯಾರವನ್ನು ಆ ನೆರಳಿಗೆ ಹೊಂದಿಸಿಕೊಂಡು ಬಂದು, ಗುರುವಾರ ಗುರುವಾರ ಮನೆಯ ಗಡಿಯಾರಕ್ಕೆ ಕೀಲಿ ಕೊಟ್ಟು ಮುಳ್ಳು ಸರಿಮಾಡುತ್ತಿದ್ದರು. ನನ್ನ ರೇಡಿಯೋದ ಪೀಪ್ ಪೀಪ್‌ಗೂ ಅವರ ಗಡಿಯಾರಕ್ಕೂ ಮಾತ್ರ ಎಂದೂ ಹೊಂದಿಕೆಯಿಲ್ಲ. ದೀಪಾವಳಿ ಹೊತ್ತಿಗೆ ಅವರದು ಏಳೆಂಟು ನಿಮಿಷ ಹಿಂದಿದ್ದರೆ ಶಿವರಾತ್ರಿ ಬರುವಷ್ಟರಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹಿಂದೆ.

“ನಿಮ್ಮ ಗಡಿಯಾರಕ್ಕ ವಯಸ್ಸಾಗೇತ್ರೀ ಆಪಾ” ಎಂದು ನಾನು ಕಾಡಿಸುತ್ತಿದ್ದೆ.

“ನಿನ್ನ ರೇಡಿಯೋಕ್ಕ ಹುಚ್ಚ ಹಿಡದೈತಿ, ಒಮ್ಮೆ ಓಡ್ತೈತಿ ಒಮ್ಮೆ ನಡೀತೈತಿ” ಎಂದು ಅವರು ತಿರುಗಿಸಿ ಹೇಳುತ್ತಿದ್ದರು. ಇಬ್ಬರೂ ನಕ್ಕು ಕೆಳಗಿಳಿಯುತ್ತಿದ್ದೆವು. ಈಗ ನೆನೆದರೆ, ವರ್ಷವಿಡೀ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ತಮಾಷೆ ಮಾಡಿದ್ದೇವೆ.

ಆ ವರ್ಷ ರಂಜಾನ್ ಕಡು ಬೇಸಿಗೆಯಲ್ಲಿ ಬಂತು. ಸಿಂಧನೂರಿನ ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲೆ ಕಾಲಿಡುವುದೆಂದರೆ ಕಾದ ಹಂಚಿನ ಮೇಲೆ ನಿಂತಂತೆ. ಆಪಾ ಗುಟುಕು ನೀರಿಲ್ಲದ ಬಾಯಲ್ಲಿ ಏಣಿ ಹತ್ತುತ್ತಿದ್ದರು. ನಾನು ಹೋಗಿ ಒತ್ತಿಬರುತ್ತೇನೆ ಅಂದರೆ ಕೇಳುತ್ತಿರಲಿಲ್ಲ. ಗೋಣಿಚೀಲಕ್ಕೆ ಮಾತ್ರ ತಾವೇ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದರು. ಒಳಗಿನ ರೀಲು ಕರಗಿಹೋದರೆ ಎಂಬ ಭಯ ಅವರಿಗೆ. ಅಷ್ಟು ಹಟದ ಹೆಂಗಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮುಂಗಾರು ತಿರುಗಿ ಬರುವ ಹೊತ್ತಿಗೆ ವರ್ಷ ತುಂಬಿತು. ಕೊನೆಗೊಂದು ಬೆಳಗ್ಗೆ ಗಾಜಿಲ್ಲದೆ ಬರೀ ಆಕಾಶ ಮತ್ತು ಮಿನಾರು ಬೀಳುವಂತೆ ಒಂದು ಸಲ ಒತ್ತಿ, ಕ್ಯಾಮೆರಾವನ್ನು ಎದೆಗವಚಿಕೊಂಡು ಸ್ಟುಡಿಯೋಕ್ಕೆ ಹೋದರು. ನಾನೂ ಹಿಂದೆಯೇ ಹೋದೆ. ಕತ್ತಲೆ ಕೋಣೆಯಲ್ಲಿ ರೀಲು ತೊಳೆಯುವ ಹೈಪೋದ ವಾಸನೆಗೆ ಮೂಗು ಮುಚ್ಚಿ ಬಾಗಿಲ ಹೊರಗೆ ನಿಂತಿದ್ದೆ. ರೀಲು ತೊಳೆದು, ಫೋಟೋ ಮಾಡಿ, ಆಪಾ ಹೊರಬಂದರು. ಒದ್ದೆ ಕಾಗದವನ್ನು ನನ್ನ ಮುಂದೆ ಹಿಡಿದರು.

ಮಿನಾರು ಇತ್ತು. ಸೂರ್ಯಗಳೂ ಇದ್ದವು. ಎಂಟು ಇರಲಿಲ್ಲ. ಮಿನಾರಿನ ಮೇಲಿನಿಂದ ನೆತ್ತಿಯವರೆಗೆ ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಒಂದೇ ನೇರ ಗೆರೆ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಎರಡು ದಿನ ಆಪಾ ಮಾಳಿಗೆಗೆ ಬರಲಿಲ್ಲ. ಮೂರನೆಯ ದಿನ ನಾನೇ ಹೋದೆ. ನಡುಮನೆಯಲ್ಲಿ ಅಜ್ಜ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದರು, ಕಣ್ಣಲ್ಲಿ ನೀರು. ಸೊಸೆಯ ಸಂಕಟಕ್ಕೆ ಅಳುತ್ತಿದ್ದಾರೆಂದು ನಾನು ತಿಳಿದೆ. ಹಾಗಲ್ಲ ಅದು.

“ನೋಡು ಬೇಟಿ” ಎಂದು ಗೆರೆಯ ಮೇಲೆ ಬೆರಳಾಡಿಸಿದರು. “ಒಂದರ ವಾರ ಕೂದಲೆಳಿಯಷ್ಟು ಸರಿದೈತೇನು? ನಾ ಗುರುವಾರಕ್ಕೊಮ್ಮೆ ಗಡಿಯಾರ ಸೂರ್ಯನ ಲೆಕ್ಕಕ್ಕ ತಂದು ಇಡ್ತೀನಿ. ಸೂರ್ಯ ನಟ್ಟನಡುವ ಬಂದಾಗ್ಲೇ ಇದು ಹನ್ನೆರಡು ಬಾರಸ್ತೈತಿ. ಆಗ ತೆಗದ್ರ ಗೆರಿ ಅಲ್ದ ಮತ್ತೇನ ಬೀಳ್ತೈತಿ? ಎಂಟು ಬೇಕಂದ್ರ ನಾ ಕೈ ಹಚ್ಚದ ಗಡಿಯಾರ ಬೇಕು. ಈ ಹುಡುಗಿ ರೇಡಿಯೋ ಐತಲ್ಲ.”

ಸೂರ್ಯ ಗಡಿಯಾರಕ್ಕೆ ಹೊಂದಿ ನಡೆಯುವವನಲ್ಲ, ವರ್ಷದಲ್ಲಿ ಕೆಲವು ಕಾಲ ಮುಂದೆ ಓಡುತ್ತಾನೆ, ಕೆಲವು ಕಾಲ ಹಿಂದೆ ಬೀಳುತ್ತಾನೆ. ಆ ಹಿಂದುಮುಂದಿನಿಂದಲೇ ಎಂಟು ಮೂಡುವುದು ಎಂದು ಆಗ ನಮ್ಮಿಬ್ಬರಿಗೂ ತಲೆಗೆ ಹೋಯಿತು. ಹುಚ್ಚು ಹಿಡಿದದ್ದು ನನ್ನ ರೇಡಿಯೋಕ್ಕಲ್ಲ, ವಯಸ್ಸಾದದ್ದು ಅವರ ಗಡಿಯಾರಕ್ಕಲ್ಲ. ಅಜ್ಜ ಮೊದಲು ಕೊಟ್ಟ ಮಾತಿನಂತೆ ತಾವೇ ಮೊಳೆ ಹೊಡೆದು ಆ ಗೆರೆಯ ಫೋಟೋವನ್ನು ಗಡಿಯಾರದ ಪಕ್ಕ ತೂಗುಹಾಕಿದರು. ಒಂದು ಜನ್ಮ ಬಾಂಗ್ ಕೊಟ್ಟವರು; ಹೊತ್ತು ತಪ್ಪಿಸಿಲ್ಲವೆಂಬುದಕ್ಕೆ ಅವರಿಗೆ ಮೊದಲ ಸಲ ಸಾಕ್ಷಿ ಸಿಕ್ಕಿತ್ತು. ಬಂದವರಿಗೆಲ್ಲ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದರು.

ಇಷ್ಟಕ್ಕೆ ಸಾಕುಮಾಡುತ್ತಾರೆ ಅಂದುಕೊಂಡೆ. ಗೋಡೆಗೆ ಫೋಟೋ ಬಂತಲ್ಲ. ಆಪಾ, “ಅದು ಅಬ್ಬಾರದು. ನಂದು ಇನ್ನೂ ಆಗಿಲ್ಲ” ಎಂದು ಮುಂದಿನ ಶುಕ್ರವಾರವೇ ಹೊಸ ರೀಲು ಹಾಕಿ ಮಾಳಿಗೆ ಹತ್ತಿದರು. ಕಳೆದ ವರ್ಷ ವ್ಯರ್ಥವಾಯಿತೆಂದು ಒಂದು ಮಾತಾಡಲಿಲ್ಲ. ನಾನಾಗಿದ್ದರೆ ಆ ಪೆಟ್ಟಿಗೆಯನ್ನು ಒಲೆಗೆ ಹಾಕುತ್ತಿದ್ದೆ.

ಈ ಸಲ ರೇಡಿಯೋಕ್ಕೆ ಹೊಂದಿಸಿದ ನನ್ನ ಕೈಗಡಿಯಾರ. ಅಜ್ಜನ ಗಡಿಯಾರ ಹಿಂದೆ ಬೀಳುತ್ತಿದ್ದುದು ಏಳೆಂಟು ನಿಮಿಷದಿಂದ ಅರ್ಧ ಗಂಟೆಯ ಮೇಲಲ್ಲವೇ, ನಡುವಿನದು ಹಿಡಿಯೋಣ ಎಂದು ಆಪಾ ಹನ್ನೆರಡು ಇಪ್ಪತ್ತನ್ನು ಗೊತ್ತುಮಾಡಿದರು. ಮಳೆ ಹೋಯಿತು, ದೀಪಾವಳಿ ಹೋಯಿತು, ಒಂದು ಶುಕ್ರವಾರವೂ ತಪ್ಪಲಿಲ್ಲ. ಮೋಡವಿದ್ದ ದಿನವೂ ಹತ್ತಿ, ಆಕಾಶ ನೋಡಿ, ಬೈದು ಇಳಿಯುತ್ತಿದ್ದರು.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಗುರುವಾರ ಅಜ್ಜ ಎಂದಿನಂತೆ ಧೂಪ್ ಘಡಿ ನೋಡಿಬಂದು, ಗಡಿಯಾರಕ್ಕೆ ಕೀಲಿ ಕೊಟ್ಟು, ಮುಳ್ಳು ಸರಿಮಾಡಿದರು. ಸಂಜೆ ಎದೆ ಹಿಡಿದುಕೊಂಡು ಮಲಗಿದವರು ಏಳಲಿಲ್ಲ. ಮಣ್ಣು ಮರುದಿನ, ಜುಮ್ಮಾ ನಮಾಜಾದ ಮೇಲೆ.

ಶುಕ್ರವಾರ ಬೆಳಗ್ಗೆಯಿಂದ ಮನೆ ತುಂಬ ಹೆಂಗಸರು. ನಾನು ಆಪಾರ ಪಕ್ಕದಲ್ಲಿ ಕೂತಿದ್ದೆ. ಅವರು ಹೆಚ್ಚು ಅಳುತ್ತಿರಲಿಲ್ಲ. ನನಗೆ ಮಾತ್ರ ಕೈಗಡಿಯಾರದ ಮೇಲೆ ಕಣ್ಣು. ಸಾವಿನ ಮನೆಯಲ್ಲಿ ಕೂತು ಫೋಟೋದ ಚಿಂತೆ ಮಾಡುವುದಕ್ಕೆ ನನ್ನ ಮೇಲೆ ನನಗೇ ಸಿಟ್ಟು. ಆದರೂ ಒಂದು ವರ್ಷ ಹೋಗಿ ಎರಡನೆಯದೂ ಮುಕ್ಕಾಲು ಕಳೆದಿತ್ತಲ್ಲ, ತಡೆಯಲಾಗಲಿಲ್ಲ. ಕಿವಿಯ ಹತ್ತಿರ ಬಾಗಿ ಕೇಳಿದೆ. “ಆಪಾ, ಹನ್ನೆರಡು ಇಪ್ಪತ್ತಾಗಾಕ ಬಂತ್ರೀ. ನಾ ಹೋಗಿ ಒತ್ತಿ ಬರ್ಲ್ಯಾ?”

“ಬ್ಯಾಡ” ಅಂದರು.

ಇಪ್ಪತ್ತಾಯಿತು. ದಾಟಿತು. ಈ ವಾರದ್ದು ಹೋಯಿತು ಎಂದು ನಾನು ಕೈಚೆಲ್ಲಿ ಕೂತೆ. ಅದಾಗಿ ಕಾಲು ಗಂಟೆಯ ಮೇಲಾಗಿರಬೇಕು. ಅಜ್ಜ ಹಿಂದಿನ ದಿನ ಕೈಯಾರೆ ಸರಿಮಾಡಿ ಹೋದ ಗಡಿಯಾರ ಗೋಡೆಯ ಮೇಲೆ ಹನ್ನೆರಡು ಬಾರಿಸತೊಡಗಿತು. ಆಪಾ ಮೊದಲ ಪೆಟ್ಟಿಗೇ ಎದ್ದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು, ಸೆರಗು ತಲೆಯ ಮೇಲೆಳೆದುಕೊಂಡು ಏಣಿ ಹತ್ತಿದರು. ಹಿಂದೆ ನಾನು. ಗಾಜು ಒರೆಸಿ ಕೊಟ್ಟೆ. ಆಪಾ ಮುಚ್ಚಳ ತೆಗೆದು, ಸೂರ್ಯನಿಗೆ ಏನೂ ಹೇಳದೆ, ತಾವೇ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಆಮೇಲೆ ಬಹಳ ಹೊತ್ತು ಆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರು ಅತ್ತದ್ದು ಅಲ್ಲಿ.

ಹೀಗೆ ಮಾಡಿದರೆ ಎಂಟು ಕೆಡುತ್ತದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ನನಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ಶುಕ್ರವಾರದಿಂದ ಮತ್ತೆ ರೇಡಿಯೋದ ಹನ್ನೆರಡು ಇಪ್ಪತ್ತು.

ವರ್ಷ ತುಂಬಿ ರೀಲು ತೊಳೆದಾಗ ಎಂಟು ಬಂದಿತ್ತು. ಎಂಥ ಎಂಟು ಅಂತೀರಿ. ಮೇಲೆ ಸಣ್ಣ ಸುತ್ತು, ಕೆಳಗೆ ಮಿನಾರಿನ ಮೇಲೆ ದೊಡ್ಡ ಹೊಟ್ಟೆ. ಮೋಡದ ವಾರಗಳಲ್ಲಿ ಅಲ್ಲಲ್ಲಿ ಸಂದು ಬಿಟ್ಟಿತ್ತು, ಆದರೂ ಮಗು ಕೂಡ ನೋಡಿ ಎಂಟು ಅನ್ನುವ ಹಾಗಿತ್ತು. ಮತ್ತು ಆ ದೊಡ್ಡ ಹೊಟ್ಟೆಯ ನಟ್ಟನಡುವೆ, ಯಾವ ಸುತ್ತಿಗೂ ಸೇರದೆ, ಒಂಟಿ ಸೂರ್ಯ.

ಸ್ಟುಡಿಯೋದಲ್ಲಿ ಟಚಿಂಗ್ ಕೆಲಸವೆಲ್ಲ ಆಪಾರ ಗಂಡನದು. ಮದುಮಕ್ಕಳ ಮುಖದ ಮೇಲಿನ ಮೊಡವೆ, ಕಲೆಗಳನ್ನು ಸಣ್ಣ ಬ್ರಶ್ಶಿನಿಂದ ತೆಗೆಯುವುದರಲ್ಲಿ ಅವರದು ನುರಿತ ಕೈ. ಎರಡು ವರ್ಷ ಗೊಣಗಿದ್ದ ಮನುಷ್ಯ ಆ ಫೋಟೋ ನೋಡಿ ಹಿಗ್ಗಿಹೋಗಿದ್ದರು. ಬ್ರಶ್ಶು ತೆಗೆದುಕೊಂಡು ಕೂತೇಬಿಟ್ಟರು. “ಇದೊಂದು ತಪ್ಪಿ ಬಿದ್ದೈತಿ. ಟಚ್ ಮಾಡಿ ತಗದುಬಿಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ.”

ಆಪಾ ಅವರ ಮುಂಗೈ ಹಿಡಿದರು. “ಅದು ಆ ಶುಕ್ರವಾರದ್ದು. ಅಬ್ಬಾ ಗುರುವಾರ ಸರಿ ಮಾಡಿ ಹೋದ ಗಡಿಯಾರ ಹನ್ನೆರಡು ಬಾರಸ್ತಲ್ಲ, ಆಗ ತೆಗದೀನಿ.”

ಅವತ್ತು ಗಂಡ ಹೊರಗೆ ಗಂಡಸರ ನಡುವೆ, ತಂದೆಯ ಜನಾಜಾದ ತಯಾರಿಯಲ್ಲಿದ್ದವರು. ಮಾಳಿಗೆಯ ಮೇಲೆ ನಡೆದದ್ದು ಅವರಿಗೆ ತಿಳಿದಿರಲಿಲ್ಲ. ಬ್ರಶ್ಶನ್ನು ನೀರ ಬಟ್ಟಲಲ್ಲಿ ತೊಳೆದರು. ಅದು ಆಗಲೇ ಶುಭ್ರವಾಗಿತ್ತು, ಮತ್ತೊಮ್ಮೆ ತೊಳೆದರು. ಅವತ್ತು ಸಂಜೆ ಗೆರೆಯ ಫೋಟೋದ ಪಕ್ಕ ಎಂಟರ ಫೋಟೋಕ್ಕೆ ಮೊಳೆ ಹೊಡೆದವರು ಅವರೇ.

ತೊಂಬತ್ತರ ಮೊದಲಿಗೆ ನನ್ನ ಯಜಮಾನರಿಗೆ ಮಸ್ಕಿಗೆ ವರ್ಗವಾಯಿತು. ಹೊರಡುವ ದಿನ ಆಪಾ ಎಂಟರ ಫೋಟೋದ ಇನ್ನೊಂದು ಪ್ರತಿಯನ್ನು ಸೀರೆಯ ಮಡಿಕೆಯಲ್ಲಿಟ್ಟು ಕೊಟ್ಟರು. ನಾನು ರೇಡಿಯೋವನ್ನು ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ, ಆದರೂ ಮಕ್ಕಳು ಮರಿ ಎಂದು ಹೋಗಿಬರುವುದು ಕಡಿಮೆಯಾಯಿತು. ಆ ದಶಕ ಮುಗಿಯುವುದರೊಳಗೆ ಆಪಾ ಹೋದರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೂರು ದಿನಕ್ಕೆ. ಗಂಡ ಸ್ಟುಡಿಯೋ ಮುಚ್ಚಿ ತಮ್ಮನ ಮನೆ ಸೇರಿದರು. ಮಸೀದಿಯ ಅಂಗಳಕ್ಕೆ ಈಗ ತಗಡಿನ ಚಪ್ಪರ ಹಾಕಿದ್ದಾರೆ, ಧೂಪ್ ಘಡಿಯ ಮೇಲೆ ಬಿಸಿಲು ಬೀಳುವುದಿಲ್ಲ. ಆ ಗೋಡೆಯ ಮೇಲಿದ್ದ ಎರಡು ಫೋಟೋ ಎಲ್ಲಿ ಹೋದವೋ…

ನನ್ನ ಹತ್ತಿರ ಇರುವ ಪ್ರತಿ ನಡುಮನೆಯಲ್ಲಿದೆ. ನೋಡಿದವರೆಲ್ಲ ಮೊದಲು ಬೆರಳು ಮಾಡುವುದು ಆ ಒಂಟಿ ಸೂರ್ಯನಿಗೇ, ಇದೊಂದು ತಪ್ಪಿದೆಯಲ್ಲ ಎಂದು. ಕೆಲವರಿಗೆ ಹೇಳುತ್ತೇನೆ, ಕೆಲವರಿಗೆ ಇಲ್ಲ.

ಅವತ್ತು ವೆಲ್ಡಿಂಗಿನವನ ಗಾಜನ್ನು ಕಣ್ಣಿಗೆ ಹಿಡಿದು ಮೇಲೆ ನೋಡಿದೆ. ಕರಿ ಗಾಜಿನೊಳಗೆ ಸೂರ್ಯ ಹೆಸರುಕಾಳಿನಷ್ಟು, ಹಸಿರಾಗಿ ಕಂಡ. ಹುಡುಗ ಚಹಾದ ಲೋಟ ಕೆಳಗಿಟ್ಟು, “ಏನ್ ನೋಡಾಕತ್ತೀರಿ ಅಮ್ಮಾರ?” ಅಂದ.

“ಎಷ್ಟೊತ್ತಾತು ನೋಡಾಕತ್ತೀನಿ.”

“ಕೈಯಾಗ ಫೋನ್ ಐತಲ್ರೀ.”

“ಅದು ರೇಡಿಯೋ ಟೈಮಪ್ಪ. ಅದಕ್ಕ ಹುಚ್ಚ ಹಿಡದೈತಿ” ಅಂದೆ.

ಅವನಿಗೆ ಏನೂ ತಿಳಿಯಲಿಲ್ಲ. ತಲೆಯಾಡಿಸಿ ಗಾಜು ಇಸಿದುಕೊಂಡು ಕೆಲಸಕ್ಕೆ ಕೂತ. ಇದು ಸಿಂಧನೂರಲ್ಲವೆಂದು ಗೊತ್ತಿದ್ದೂ ನಾನು ಪಕ್ಕದ ಮಾಳಿಗೆಯ ಕಡೆ ಒಮ್ಮೆ ನೋಡಿದೆ. ಆ ಮಾತಿಗೆ ನಗಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ.